ಸ್ಟೀರಿಂಗ್ ಇಲ್ಲದ ಬದಿ

ಜಾಹೀರಾತಿಗೆ ಏನು ಬರೀಲಿ ಅಂತ ಕೇಳಿದೆ.
ಇದ್ದದ್ದು ಬರಿ, ಇನ್ನಾಸಿ, ಅಂದರು ಡಾಕ್ಟರಮ್ಮ.
ಬರೆದೆ:
ಮಸ್ಟಾಂಗ್. ಅರವತ್ತೇಳರ ಮಾಡೆಲ್ಲು. ಎಂಟು ಸಿಲಿಂಡರು.
ಕಡುಹಸಿರು, ಎರಡು ಸಲ ಬಳಿದದ್ದು, ಎರಡನೆಯ ಸಲ ನಾನೇ.
ಮದ್ರಾಸಿನ ಕಾನ್ಸುಲೇಟಿನ ಯಾರೋ ದೊರೆ
ಊರಿಗೆ ಹೊರಡುವಾಗ ಹರಾಜಿಗೆ ಬಿಟ್ಟದ್ದು.
ಲೀಟರಿಗೆ ಐದು ಕಿಲೋಮೀಟರು, ಇಳಿಜಾರಿದ್ದರೆ.
ಸ್ಟೀರಿಂಗು ಎಡಕ್ಕೆ.

ಕೊನೆಯ ಸಾಲಿಗೆ ಅವರು ನಕ್ಕರು.
ಅದು ನಿನ್ನ ಸಾಲು ಕಣೋ.

ನನ್ನದೇ.
ಹದಿಮೂರರಲ್ಲಿ ನಾನು ಜೆ.ಸಿ. ರಸ್ತೆಯ
ದಸ್ತಗೀರ್ ಸಾಬರ ಗ್ಯಾರೇಜಿನಲ್ಲಿ
ಸೀಮೆಎಣ್ಣೆ ತಟ್ಟೆಯೊಳಗೆ ನಟ್ಟು ತೊಳೆಯುತ್ತಿದ್ದೆ.
ಬಲಗಡೆ ಕೂರೋಕೆ ಒಬ್ಬ ಹುಡುಗ ಬೇಕು, ಎಂದು
ಬಂದರು ದೇವಾಜಮ್ಮಣ್ಣಿ, ಕಣ್ಣಿನ ಡಾಕ್ಟರು.
ಎಡಕ್ಕೆ ಕೂತು ಓಡಿಸುವವರಿಗೆ ನಮ್ಮ ರಸ್ತೆಯಲ್ಲಿ
ಮುಂದಿನ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣದು;
ಎದುರಿಂದ ಬರುವುದನ್ನು ಬಲಗಡೆಯವನು
ಕತ್ತು ಚಾಚಿ ನೋಡಿ ಹೇಳಬೇಕು.
ಕೂಲಿ ಎರಡು ರೂಪಾಯಿ, ಒಂದು ಬನ್ನು.
ಎರಡೇ ಮಾತಿನ ಕೆಲಸ: ಹೋಗಿ. ತಡೀರಿ.

ಕೆಂಗೇರಿ ದಾಟಿದ ಮೇಲೆ
ಹೋಗಿ ಅಂದರೆ ಸಾಕು,
ಸೀಟು ಹಿಂದಿನಿಂದ ಬಂದು ಬೆನ್ನನ್ನು ಅಪ್ಪುತ್ತಿತ್ತು.
ಪೊಲೀಸರು ನನ್ನ ಕಿಟಕಿಗೇ ಬಂದು ಲೈಸೆನ್ಸು ಕೇಳುವರು.
ಖಾಲಿ ಎರಡೂ ಕೈ ಎತ್ತಿ ತೋರಿಸುವೆ,
ಸ್ಟೀರಿಂಗೇ ಇಲ್ಲವಲ್ಲ ಸ್ವಾಮಿ!

ಒಂದೇ ಸಲ ತಪ್ಪಿದೆ, ಬಿಡದಿಯ ತಿರುವಿನಲ್ಲಿ.
ಧೂಳೋ ಬಸ್ಸೋ ತಿಳಿಯದೆ ಹೋಗಿ ಅಂದುಬಿಟ್ಟೆ.
ಬಸ್ಸು.
ಕನ್ನಡಿ ಹೋಯಿತು, ನಾವು ಉಳಿದೆವು.
ಹುಣಸೆಮರದ ಕೆಳಗೆ ನಿಲ್ಲಿಸಿ,
ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನಗೇ ಮೊದಲು ಕೊಟ್ಟು
ಅವರು ಅಂದದ್ದು ಇಷ್ಟೆ:
ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು.
ಅಂದಿನಿಂದ ಮೂರು ಮಾತು.

ಈಗ ಕ್ಲಚ್ಚು ಕಲ್ಲು, ಅವರ ಮೊಣಕಾಲು ಮಣ್ಣು.
ವಸಂತನಗರದ ಅಂಗಳಕ್ಕೆ ಬರುವವರು ಬಂದರು.
ಒಬ್ಬ ಟೈರಿಗೆ ಒದ್ದ.
ಒಬ್ಬ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡು ಹೋದ.
ಮದುವೆಗಳಿಗೆ ಹೂ ಸುತ್ತಿ ಬಾಡಿಗೆಗೆ ಬಿಡುತ್ತೇನೆಂದವನಿಗೆ
ಡಾಕ್ಟರಮ್ಮ ನೀರೂ ಕೊಡಲಿಲ್ಲ.

ಭುವನ್ ಬಂದದ್ದು ಅದರ ಮೊಮ್ಮಗನಂಥದ್ದರಲ್ಲಿ:
ಹಳದಿ, ಹೊಚ್ಚಹೊಸದು, ಕಂಪನಿಯಿಂದಲೇ ಬಲಕ್ಕೆ ಸ್ಟೀರಿಂಗು,
ಗುಂಡಿ ಒತ್ತಿದರೆ ಜೀವ,
ಇನ್ನೊಂದು ಒತ್ತಿದರೆ ನೆರೆಯವರಿಗೆ ನಿದ್ದೆ.
ಅದನ್ನು ಗೇಟಿನಲ್ಲೇ ಬಿಟ್ಟು ಮುದುಕಿಯ ಬಾಗಿಲು ತೆರೆದು
ಒಳಗಿನ ಗಾಳಿಯನ್ನು ಕಣ್ಣುಮುಚ್ಚಿ ಮೂಸಿದ.
ಕಾರ್ಬುರೇಟರಿನ ನಂಬರು ಅವನಿಗೆ ಬಾಯಿಪಾಠ.
ರೇಟು ಮುಂದೆ ಏರುತ್ತಾ? ಅಂದ.
ಗೊತ್ತಿಲ್ಲ, ಅಂದೆ.
ಡಾಕ್ಟರಮ್ಮ ತಲೆಯಾಡಿಸಿದರು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಆಮೇಲೆ ನನ್ನೊಬ್ಬನನ್ನೇ ಕರೆದು ಮೆಲ್ಲಗೆ ಕೇಳಿದ:
ಸ್ಟೀರಿಂಗು ಬಲಕ್ಕೆ ತರಬಹುದಾ?
ತರಬಹುದು. ಡ್ಯಾಷ್‌ಬೋರ್ಡು ಕೊಯ್ಯಬೇಕು. ನಾಲ್ಕು ಲಕ್ಷ.
ಯಾರು ಮಾಡ್ತಾರೆ?
ಇಡೀ ಬೆಂಗಳೂರಲ್ಲಿ, ಅಂದೆ, ನಾನೇ.

ಯಲಹಂಕದವರೆಗೆ ಜೊತೆಗೆ ಹೋದೆ, ನನ್ನ ಬದಿಯಲ್ಲೇ ಕೂತು.
ಹೆಬ್ಬಾಳ ದಾಟಿ ಒಂದು ನೀರಿನ ಟ್ಯಾಂಕರು
ಸೋರುತ್ತ, ಓಲಾಡುತ್ತ, ದಾರಿ ಬಿಡದು.
ಹುಡುಗ ನನ್ನನ್ನು ಏನೂ ಕೇಳಲಿಲ್ಲ.
ಐವತ್ತು ವರ್ಷದ ಕತ್ತು ತಾನೇ ಚಾಚಿಕೊಂಡಿತು.
ಹೋಗಿ, ಅಂದೆ.
ಒಂದು ಕ್ಷಣ ತಿರುಗಿ ನನ್ನ ಮುಖ ನೋಡಿ
ಹೋದ.
ಸೀಟು ಬೆನ್ನನ್ನು ಅಪ್ಪಿತು.

ವಾಪಸು ಬಸ್ಸಿನಲ್ಲಿ.
ಡ್ರೈವರು ಬಲಕ್ಕೆ, ನಾನು ಮುಂದಿನ ಎಡಗಡೆ ಸೀಟಿಗೆ;
ಇಲ್ಲಿಂದ ಕಾಣುವುದು ಫುಟ್‌ಪಾತು, ಎಳನೀರಿನವರು,
ಮೆಟ್ರೋ ಕಂಬಕ್ಕೆ ಸುತ್ತಿದ ತಗಡು.
ತಡೀರಿ, ಅಂದಿದ್ದೆನಂತೆ, ಗಟ್ಟಿಯಾಗಿಯೇ.
ಕಂಡಕ್ಟರು ಬಗ್ಗಿ ಕೇಳಿದಳು,
ಇಳೀಬೇಕಾ, ಯಜಮಾನ್ರೇ?